ತಡವಾದ ಏಟು

ಆ ಗೋಡೆಗೆ ಬಾಗಿಲು ಇರಲಿಲ್ಲ. ಕಿಟಕಿಯೂ ಇರಲಿಲ್ಲ. ಎತ್ತರದಲ್ಲಿ ಒಂದು ಗಾಳಿಗಂಡಿ ಮಾತ್ರ ಇತ್ತು. ಒಳಗಿನವರ ಬೆವರಿನ ಬಿಸಿ ಅದರಿಂದ ಹೊರಗೆ ಬರುತ್ತಿತ್ತು. ಗೋಡೆಯ ಆ ಬದಿ ಸಂಗೀತ ಸಭಾಂಗಣ. ಈ ಬದಿ ತೊಗಲು ಹದಮಾಡುವವರ ಓಣಿ. ಸಭಾಂಗಣದ ಮುಖ ಅಗಲವಾದ ಬೀದಿಯ ಕಡೆಗಿತ್ತು. ಓಣಿಯ ಪಾಲಿಗೆ ಬಂದದ್ದು ಅದರ ಬೆನ್ನು.

ಓಣಿಯವರಿಗೆ ಪ್ರವೇಶವಿಲ್ಲವೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ಬಾಗಿಲು ಕಾಯುವವನಿಗೆ ಮೂಗಿತ್ತು.

ಕೊಕ್ಕರೆ ಒಮ್ಮೆ ಹೋಗಿ ನೋಡಿದ. ಉದ್ದ ಕಾಲಿನ, ಸಣ್ಣ ತಲೆಯ ಅವನಿಗೆ ಓಣಿ ಇಟ್ಟ ಹೆಸರು ಅದು. ಸುಣ್ಣದ ಗುಂಡಿಗಿಳಿದು ಹಸಿ ತೊಗಲನ್ನು ಮಗುಚುವುದು ಅವನ ಕೆಲಸ. ಅಂದು ಹಾಡಲಿದ್ದವನನ್ನು ಓಣಿಯವರು ಗಂಟಲು ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇದ್ದೀತು. ಅವನ ಮುಖವನ್ನು ಓಣಿ ಕಂಡಿರಲಿಲ್ಲ. ಗಂಟಲನ್ನು ಮಾತ್ರ ಬಲ್ಲದು. ಕೊಕ್ಕರೆ ಬೂದಿಯಿಂದ ಮೈ ತಿಕ್ಕಿದ. ಸೋಪಿನಿಂದ ತಿಕ್ಕಿದ. ಉಗುರುಗಳ ಸಂದನ್ನು ಅಕ್ಕನ ಸೂಜಿಯಿಂದ ಕೆದಕಿದ. ಇಸ್ತ್ರಿಯ ಅಂಗಿ ತೊಟ್ಟು, ಟಿಕೆಟ್ಟನ್ನು ಎದೆಯ ಮುಂದೆ ಹಿಡಿದು ಸಾಲಿನಲ್ಲಿ ನಿಂತ. ಬಾಗಿಲವನು ಟಿಕೆಟ್ಟನ್ನು ನೋಡಲಿಲ್ಲ. ಉಸಿರೆಳೆದುಕೊಂಡ.

"ಯಾವ ಕಡೆಯವನು ನೀನು?"

"ಹಿಂದಿನ ಓಣಿ."

"ಒಳಗೆ ಹೆಂಗಸರು ಮಕ್ಕಳು ಇರ್ತಾರಪ್ಪ. ಮೂರು ತಾಸು ಕೂತಿರ್ಬೇಕು ಅವ್ರು. ಸ್ವಲ್ಪ ಅರ್ಥ ಮಾಡ್ಕೋ."

ಅವನು ಬೈಯಲಿಲ್ಲ. ತಳ್ಳಲಿಲ್ಲ. ಅರ್ಥ ಮಾಡಿಕೊಳ್ಳಲು ಹೇಳಿದ. ಸಾಲಿನಲ್ಲಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಕೊಕ್ಕರೆ ಅರ್ಥ ಮಾಡಿಕೊಂಡ. ಕಟ್ಟಡವನ್ನು ಸುತ್ತಿ ಬಂದು, ಇಸ್ತ್ರಿಯ ಅಂಗಿಯಲ್ಲಿಯೇ, ಬೆನ್ನುಗೋಡೆಗೆ ಕಿವಿ ಆನಿಸಿ ನಿಂತ. ಹಾಡು ಮುಗಿಯುವವರೆಗೆ ಅಲುಗಲಿಲ್ಲ.

ಶಬ್ದಕ್ಕೆ ಹೊಲಸು ಅಂಟುವುದಿಲ್ಲ. ಅದು ಕಲ್ಲನ್ನು ಹಾದು ಬರುತ್ತದೆ. ಕೇಳುವವನ ಮೈವಾಸನೆಯನ್ನು ವಿಚಾರಿಸುವುದಿಲ್ಲ. ಬಾಗಿಲು ಕಾಯುವವರಿಗೆ ಈ ವಿಷಯ ತಿಳಿದಿಲ್ಲ. ದೇವರು ಓಣಿಯವರಿಗೂ ಕಿವಿ ಕೊಟ್ಟಿದ್ದ. ಬಾಗಿಲನ್ನು ಮನುಷ್ಯರ ಕೈಗೆ ಬಿಟ್ಟಿದ್ದ.

ಮುಂದಿನ ಹಾಡಿನ ದಿನ ಕೊಕ್ಕರೆಯ ಪಕ್ಕದಲ್ಲಿ ಗುಬ್ಬಿ ನಿಂತ. ಆನೆಮರಿಯಂಥ ಮೈಯವನಿಗೆ ಗುಬ್ಬಿ ಎಂಬ ಹೆಸರು, ಓಣಿಯ ಹಾಸ್ಯ. ಆಮೇಲೆ ಇನ್ನಷ್ಟು ಜನ ಬಂದರು. ಗುಂಡಿಯಿಂದ ಎದ್ದವರು, ಹೊಗೆಮನೆಯಿಂದ ಬಂದವರು, ಕೆಲಸವೇ ಇಲ್ಲದವರು. ತಮ್ಮನ್ನು ಗೋಡೆಯವರು ಎಂದು ಕರೆದುಕೊಂಡರು. ಗೋಡೆ ಹಾಡಿನ ನುಡಿಗಳನ್ನು ಹೊರಗೆ ಬಿಡುತ್ತಿರಲಿಲ್ಲ. ದಪ್ಪ ನಾದ ಮಾತ್ರ ಬರುತ್ತಿತ್ತು, ಹಲ್ಲಿನ ಬೇರಿನವರೆಗೆ. ಖಾಲಿ ಉಳಿದ ಜಾಗದಲ್ಲಿ ಇವರು ತಮ್ಮ ಮಾತುಗಳನ್ನು ತುಂಬಿದರು. ಒಳಗೆ ಗಂಟಲು ಚಂದ್ರನನ್ನು ಹಾಡುತ್ತಿದ್ದನೋ ಏನೋ. ಹೊರಗೆ ಅದು ಸುಣ್ಣದ ಹಾಡಾಯಿತು, ಮೇಸ್ತ್ರಿಯ ಬೈಗುಳದ ಹಾಡಾಯಿತು.

ಹಾಡು ಮುಗಿದಾಗ ಒಳಗಿನವರು ಚಪ್ಪಾಳೆ ತಟ್ಟುತ್ತಿದ್ದರು. ಹೊರಗಿನವರು ಗೋಡೆಗೆ ಅಂಗೈ ಬೀಸಿ ಹೊಡೆಯುತ್ತಿದ್ದರು. ಮೂರು ಏಟು, ಎಲ್ಲರೂ ಒಟ್ಟಿಗೆ. ಅದು ಅವರ ಕಟ್ಟಳೆ. ಹಾಡು ಮುಗಿದು ಏಟು ಬೀಳುವವರೆಗೆ ಯಾರೂ ಗೋಡೆ ಬಿಡಬಾರದು. ಮಳೆ ಬರಲಿ, ಮೇಸ್ತ್ರಿ ಕೂಗಲಿ, ಬಿಡಬಾರದು.

ಮೂರು ಏಟು ಎಲ್ಲರದು. ನಾಲ್ಕನೆಯದು ಕೊಕ್ಕರೆಯದು. ಸುಣ್ಣ ಅವನ ಬಲಗೈಯ ನರಗಳನ್ನು ತಿಂದಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಎಡಗೈಯಿಂದ ಅವನ್ನು ಬಿಡಿಸಿ, ಅಂಗೈ ಚಪ್ಪಟೆ ಮಾಡಿ, ಆಮೇಲೆ ಹೊಡೆಯಬೇಕು. ಅಷ್ಟರಲ್ಲಿ ಎಲ್ಲರ ಏಟು ಮುಗಿದಿರುತ್ತಿತ್ತು. ನಿಶ್ಶಬ್ದದಲ್ಲಿ ಅವನದೊಂದೇ ಬೀಳುತ್ತಿತ್ತು.

"ನೀನು ಹುಟ್ಟಿದ್ದೂ ತಡವಾಗೇ ಅಂತೆ ಕಣೋ," ಎಂದು ಗುಬ್ಬಿ ನಗುತ್ತಿದ್ದ. "ಸಾಯೋದಾದ್ರೂ ಎಲ್ಲರ ಜೊತೆ ಸಾಯಿ."

"ಮೊದ್ಲು ನೀವೆಲ್ಲಾ ಹೋಗಿ, ಜಾಗ ನೋಡಿ ಇಡಿ. ಆಮೇಲೆ ಬರ್ತೀನಿ," ಎನ್ನುತ್ತಿದ್ದ ಕೊಕ್ಕರೆ.

ಅಕ್ಕ ಈ ಮಾತುಗಳನ್ನು ತನ್ನ ಶೆಡ್ಡಿನಿಂದ ಕೇಳುತ್ತಿದ್ದಳು. ಅವಳು ಕೊಕ್ಕರೆಗೆ ಮಾತ್ರ ಅಕ್ಕನಲ್ಲ, ಓಣಿಗೆಲ್ಲ ಅಕ್ಕ. ಬೆಳಿಗ್ಗೆ ತೊಗಲು ಹೆರೆಯುವುದು, ಮಧ್ಯಾಹ್ನದ ಮೇಲೆ ಹೊಲಿಯುವುದು ಅವಳ ಕೆಲಸ. ಹೆರೆಯುವುದೆಂದರೆ ಬಾಗಿದ ತೊಲೆಯ ಮೇಲೆ ತೊಗಲನ್ನು ಹಾಸಿ, ಹೊಟ್ಟೆಯಿಂದ ಒತ್ತಿ ಹಿಡಿದು, ಎರಡು ಹಿಡಿಯ ಬಾಗುಗತ್ತಿಯಿಂದ ಕೂದಲನ್ನೂ ಮಾಂಸವನ್ನೂ ಕೆಳಕ್ಕೆ ತಳ್ಳುವುದು. ತಳ್ಳಬೇಕು, ಎಳೆದುಕೊಳ್ಳಬೇಕು, ತಳ್ಳಬೇಕು. ಕೊಬ್ಬು ಮೊಣಕಾಲಿನ ಮೇಲೆ ಬೀಳುತ್ತದೆ. ಬೆನ್ನು ಮತ್ತೆ ನೇರವಾಗುವುದಿಲ್ಲ. ಆ ಶೆಡ್ಡಿನ ಹೆಂಗಸರು ಆಕಾಶವನ್ನು ನೋಡಬೇಕಾದರೆ ಅಂಗಾತ ಮಲಗಬೇಕು.

ಕೇಳುವವರು ಕೇಳುವವರಾಗಿಯೇ ಉಳಿಯಬಹುದಿತ್ತು. ಉಳಿಯಲು ಬಿಡಲಿಲ್ಲ.

ಕಾಲುವೆಯ ಆಚೆ ಮಗ್ಗದ ಶೆಡ್ಡುಗಳಿದ್ದವು. ಅಲ್ಲಿನ ಕೆಲಸಗಾರರಿಗೂ ಸಭಾಂಗಣದೊಳಗೆ ಜಾಗವಿರಲಿಲ್ಲ. ನೂಲಿನ ಧೂಳಿಗೆ ಸದಾ ಕೆಮ್ಮುವವರನ್ನು ಹಾಡಿನ ನಡುವೆ ಯಾರು ಕೂರಿಸಿಕೊಳ್ಳುತ್ತಾರೆ? ಅವರಿಗೆ ಬೇರೊಬ್ಬ ಗಾಯಕಿಯ ಹುಚ್ಚು. ಅವಳು ಹಾಡುವ ದಿನ ಅವರೂ ಅದೇ ಗೋಡೆಗೆ ಬಂದರು. ಕಿವಿ ಇಡುವ ಜಾಗಕ್ಕಾಗಿ ಮೊದಲ ಜಗಳ. ಗಂಟಲು ದೊಡ್ಡವನೋ ಆ ಗಾಯಕಿ ದೊಡ್ಡವಳೋ ಎಂದು ಎರಡನೆಯದು. ಮೂರನೆಯ ಜಗಳಕ್ಕೆ ಕಾರಣ ಬೇಕಾಗಲಿಲ್ಲ. ಒಂದೇ ಬಾಗಿಲಿನಿಂದ ಹೊರದಬ್ಬಿಸಿಕೊಂಡವರು ಒಂದೇ ಗೋಡೆಗಾಗಿ ಒಬ್ಬರ ಹಲ್ಲನ್ನು ಒಬ್ಬರು ಉದುರಿಸಿದರು.

ಸಭಾಂಗಣದ ಮ್ಯಾನೇಜರ್ ಅದನ್ನು ಮಾಳಿಗೆಯಿಂದ ನೋಡಿದ. ಅವನಿಗೆ ಉಪಾಯ ಹೊಳೆಯಿತು. ಮರುದಿನ ಕರವಸ್ತ್ರವನ್ನು ಮೂಗಿಗೆ ಹಿಡಿದು ಓಣಿಗೆ ಬಂದ. ಗುಬ್ಬಿಯ ಹೆಗಲನ್ನು ಮುಟ್ಟಲಿಲ್ಲ, ಮುಟ್ಟುವಂತೆ ಕೈ ಚಾಚಿದ.

"ನೀವೇ ನಮ್ಮವರು. ಬಾಗಿಲ ಹೊರಗೆ ಒಂದು ಶಿಸ್ತು ಬೇಕು ನಮಗೆ. ನಿಮ್ಮಂಥ ಅಭಿಮಾನಿಗಳು ಬಿಟ್ರೆ ಇನ್ಯಾರು ನೋಡ್ಕೋತಾರೆ?"

ಅಭಿಮಾನಿ ಎಂಬ ಮಾತು ಅವರ ತಲೆಗೇರಿತು. ಅಭಿಮಾನ ಎಂಬುದು ಹಿಂದೆ ಅವರ ಪಾಲಿಗೆ ಬಂದ ವಸ್ತುವಲ್ಲ. ಮ್ಯಾನೇಜರ್ ಎಲ್ಲರಿಗೂ ಕರಿಯ ತೊಗಲಿನ ಜಾಕೆಟ್ ಮಾಡಿಸಿದ. ಬೆನ್ನ ಮೇಲೆ ಬಿಳಿಯ ಬಣ್ಣದಲ್ಲಿ ತೆರೆದ ಬಾಯಿ. ಹೊಲಿದವಳು ಅಕ್ಕ. ಕೊಕ್ಕರೆಯ ಅಳತೆಯನ್ನು ಅವಳು ಟೇಪಿಲ್ಲದೆ ಬಲ್ಲಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಡಚಿದ ಬೆರಳು ಸಿಕ್ಕಿಕೊಳ್ಳದಿರಲೆಂದು ಬಲ ತೋಳನ್ನು ಸ್ವಲ್ಪ ಅಗಲ ಬಿಟ್ಟು ಹೊಲಿದಳು.

ಜಾಕೆಟ್ ತೊಟ್ಟವರು ಬಾಗಿಲ ಹೊರಗೆ ನಿಂತರು. ಹೊರಗೆ ಮಾತ್ರ. ಬಾಗಿಲವನ ಮೂಗು ಈಗಲೂ ಅಲ್ಲಿಯೇ ಇತ್ತು.

ಆಮೇಲೆ ಅವರು ಮಾಡಿದ್ದನ್ನು ಮುಚ್ಚಿಡಬೇಕಾಗಿಲ್ಲ. ಬೀದಿಯ ಅಂಗಡಿಗಳಲ್ಲಿ ಗಂಟಲಿನ ಹಾಡುಗಳು ಮಾತ್ರ ಮೊಳಗಬೇಕೆಂದರು. ಬೇರೆ ಹಾಡು ಕೇಳಿದರೆ ರೇಡಿಯೊ ಒಡೆದರು. ಅಂಗಡಿಯವರು ಕಾಣಿಕೆ ಕೊಡಲು ಕಲಿತರು. ಕಾಲುವೆಯಾಚೆಯ ನೇಕಾರನೊಬ್ಬನನ್ನು ಹಿಡಿದು ಅರ್ಧ ತಲೆ ಬೋಳಿಸಿ, ಗಂಟಲಿನ ಹಾಡನ್ನು ಹಾಡೆಂದರು. ಅವನು ಕೆಮ್ಮಿದ. ಅದನ್ನು ಕಂಡು ನಕ್ಕರು. ಕೊಕ್ಕರೆಯೂ ನಕ್ಕ. ಅಂದು ಅವನ ಅಂಗಿಯ ತುದಿಯಲ್ಲಿ ಯಾರದೋ ರಕ್ತ ಇತ್ತು. ಅಕ್ಕ ಅದನ್ನು ತಣ್ಣೀರಿನಲ್ಲಿ ಒಗೆದಳು. ಊಟಕ್ಕೆ ಕುಳಿತಾಗ ಅವನು ಹೇಳಿದ: "ಅವನ ಕೆಮ್ಮಿಗೂ ಒಂದು ತಾಳ ಇತ್ತು ಅಕ್ಕ. ನಗಬಾರ್ದಿತ್ತು ನಾನು."

ಅವನು ಸತ್ತದ್ದು ಒಂದು ಸಂಜೆ, ಗಂಟಲು ಒಳಗೆ ಹಾಡುತ್ತಿದ್ದಾಗ.

ಬಾಗಿಲ ಕಾವಲು ಮುಗಿಸಿ ಜಾಕೆಟ್ಟಿನವರು ಬೆನ್ನುಗೋಡೆಗೆ ಬಂದು ಕಿವಿಯಿಟ್ಟಿದ್ದರು. ಕಾಲುವೆಯಾಚೆಯವರು ಕತ್ತಿ ಕಬ್ಬಿಣ ಹಿಡಿದು ಬಂದರು. ಲೆಕ್ಕಕ್ಕೆ ಮೀರಿದ ಜನ. ಗುಬ್ಬಿ ಸಿಳ್ಳೆ ಹಾಕಿದ. ಓಡಿ ಎಂದರ್ಥ. ಎಲ್ಲರೂ ಓಡಿದರು. ಕೊಕ್ಕರೆ ಮನೆಗೆ ಹೆಣವಾಗಿ ಬಂದ. ಅಂಗಿಯಲ್ಲಿ ಬಂದ, ಜಾಕೆಟ್ ಇರಲಿಲ್ಲ. ಅದು ಸಭಾಂಗಣದ ಸೊತ್ತು, ಬಿಚ್ಚಿಕೊಂಡಿದ್ದರು. ಗಾಯ ಬೆನ್ನಿನಲ್ಲಿತ್ತು.

ಬೆನ್ನಿನ ಗಾಯ ಎಂದರೆ ಓಣಿಗೆ ಒಂದೇ ಅರ್ಥ.

"ಓಡುವಾಗ ಬಿತ್ತು," ಎಂದ ಗುಬ್ಬಿ. "ನಮ್ಮ ಗೋಡೆ ಹತ್ರ ಅಲ್ಲ. ಆ ತಿರುವಿನಲ್ಲಿ."

ಸಭಾಂಗಣವೂ ಅದನ್ನೇ ಹೇಳಿತು: ಎಲ್ಲೋ ಬೀದಿಯಲ್ಲಿ ನಡೆದ ಹೊಡೆದಾಟ, ನಮ್ಮ ಆವರಣಕ್ಕೆ ಸಂಬಂಧವಿಲ್ಲ, ಆ ವ್ಯಕ್ತಿ ನಮ್ಮವನಲ್ಲ. ಪೊಲೀಸರು ಕೇಳಿಸಿಕೊಂಡು, ತಲೆಯಾಡಿಸಿ, ಹೊರಟುಹೋದರು. ಮರುದಿನ ಬೆಳಿಗ್ಗೆ, ಅವನನ್ನು ಇನ್ನೂ ಮಣ್ಣು ಮಾಡಿರಲಿಲ್ಲ, ಇಬ್ಬರು ಬಂದು ಬೆನ್ನುಗೋಡೆಗೆ ಸುಣ್ಣ ಬಳಿದರು. ಕಟ್ಟಿದಂದಿನಿಂದ ಆ ಗೋಡೆಗೆ ಎರಡನೆಯ ಸಲ ಸುಣ್ಣ ಬಿದ್ದಿರಲಿಲ್ಲ. ಹಳೆಯ ಸುಣ್ಣ ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು.

ಕೊಕ್ಕರೆಯ ಅಮ್ಮ ಮನೆಯ ಬಾಗಿಲಿನಲ್ಲಿ ಕುಳಿತು ಅದನ್ನು ನೋಡಿದಳು. "ಮದುವೆ ಇದ್ಯಾ ಅವರ ಮನೇಲಿ?" ಎಂದು ಕೇಳಿದಳು.

ಅಂದಿನಿಂದ ಅಕ್ಕನಿಗೆ ಅದು ಕೇಳಿಸತೊಡಗಿತು. ತೊಲೆಯ ಮೇಲೆ ಬಾಗಿ ಹೆರೆಯುವಾಗ ಕತ್ತಿಯನ್ನು ಅವಳು ಮೂರು ಸಲ ತಳ್ಳಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ಉಸಿರಿನಲ್ಲಿ, ಗೋಡೆಯ ಕಡೆಯಿಂದ, ಒಂದು ಮೆತ್ತನೆಯ ಏಟು. ಅವಳು ಕತ್ತಿ ನಿಲ್ಲಿಸುತ್ತಿದ್ದಳು. ಏನೂ ಇಲ್ಲ. ಮತ್ತೆ ಮೂರು ತಳ್ಳು. ಮತ್ತೆ ಅದು. ಪಕ್ಕದ ತೊಲೆಯ ಮುದುಕಿಗೆ ಬಾಯಿಬಡಕಿ ಎಂದು ಹೆಸರು. ಸಾವಿನ ಮನೆಯಲ್ಲಿಯೂ ಬಾಯಿ ಮುಚ್ಚದವಳು. ಅವಳೂ ಒಂದು ದಿನ ಕತ್ತಿ ನಿಲ್ಲಿಸಿ ಗೋಡೆ ನೋಡಿದಳು. ಏನೂ ಹೇಳಲಿಲ್ಲ. ಅವಳು ಸುಮ್ಮನಾದದ್ದನ್ನು ಕಂಡು ಅಕ್ಕನಿಗೆ ಮೊದಲ ಸಲ ಭಯವಾಯಿತು.

ದಿನಗಳು ಕಳೆದ ಮೇಲೆ ಮ್ಯಾನೇಜರ್ ಶೆಡ್ಡಿಗೆ ಬಂದ. ಹಿಂದೆ ಗುಬ್ಬಿ. ಗುಬ್ಬಿಯ ಕೈಯಲ್ಲಿ ಒಂದು ಗಂಟು. ಅದನ್ನು ತೊಲೆಯ ಮೇಲೆ ಬಿಚ್ಚಿದ. ಕರಿಯ ಜಾಕೆಟ್. ಬಲ ತೋಳು ಅಗಲ.

ಕರವಸ್ತ್ರದ ಹಿಂದಿನಿಂದ ಮ್ಯಾನೇಜರ್ ಏನೋ ಹೇಳಿದ.

"ಸಾಹೇಬ್ರೇ, ಮೂಗು ಬಿಟ್ಟು ಮಾತಾಡಿ," ಎಂದಳು ಬಾಯಿಬಡಕಿ. "ನಮಗೆ ಕೇಳಿಸ್ತಿಲ್ಲ."

ಅವನು ಕರವಸ್ತ್ರವನ್ನು ಅರ್ಧ ಸರಿಸಿದ. "ಈ ತೂತು ಮುಚ್ಚಬೇಕು. ಹೊರಗಿಂದ ಗೊತ್ತಾಗಬಾರದು. ನೀನೇ ಹೊಲಿದದ್ದಂತೆ, ನಿನಗೇ ಚೆನ್ನಾಗಿ ಬರುತ್ತೆ. ಮುಂದಿನ ಕಾರ್ಯಕ್ರಮದ ಹೊತ್ತಿಗೆ ಸಿದ್ಧ ಇರಲಿ."

ತೂತು ಬಿಳಿಯ ಬಾಯಿಯ ನಟ್ಟನಡುವೆ ಇತ್ತು. ಬೆರಳು ಹೋಗುವಷ್ಟು. ಅಂಚು ಗಟ್ಟಿಯಾಗಿತ್ತು. ತೊಗಲಿಗೆ ಅಂಟಿದ ರಕ್ತ ಒಣಗಿದಾಗ ಹಾಗಾಗುತ್ತದೆ, ದನದ್ದಾದರೂ, ತಮ್ಮನದ್ದಾದರೂ.

"ಯಾರಿಗೆ ಇದು?" ಎಂದಳು ಅಕ್ಕ.

ಗುಬ್ಬಿ ನೆಲ ನೋಡಿದ. "ಸಣ್ಣವನಿಗೆ, ಅಕ್ಕ. ರಕ್ತದವನಿಗೇ ಹೋಗ್ಬೇಕು. ನಮ್ಮಲ್ಲಿ ರೂಢಿ ಅದು."

ಸಣ್ಣವ ಅಂದರೆ ಅವಳ ಕೊನೆಯ ತಮ್ಮ. ಕೊಕ್ಕರೆ ಇಳಿಯುತ್ತಿದ್ದ ಗುಂಡಿಗೇ ಈಗ ಇಳಿಯುವವನು.

"ರೂಢಿ ಯಾವಾಗ ಆಯ್ತೋ? ನಿಮ್ಮಲ್ಲಿ ಸತ್ತವನು ಅವನೊಬ್ಬನೇ."

ಮ್ಯಾನೇಜರ್ ನಡುವೆ ಬಂದ. "ನೋಡಮ್ಮ, ಇದು ಗೌರವ. ನಿನ್ನ ಚಿಕ್ಕ ತಮ್ಮನೇ ಬಂದು ಕೇಳಿದ. ಅಣ್ಣ ಬೆನ್ನು ತೋರಿಸಿದ ಕಳಂಕವನ್ನು ತಮ್ಮ ತೊಳೀತಾನೆ. ನಮಗೂ ಜನ ಬೇಕು, ಅವನಿಗೂ ಒಂದು ಮರ್ಯಾದೆ ಆಗತ್ತೆ."

"ಹೇಗೆ ತೊಳೀತಾನೆ?"

ಅದಕ್ಕೆ ಉತ್ತರ ಹೇಳುವುದು ಮ್ಯಾನೇಜರನ ಕೆಲಸವಲ್ಲ. ಕರವಸ್ತ್ರವನ್ನು ಮತ್ತೆ ಮೂಗಿಗೆ ಏರಿಸಿ ಹೊರಗೆ ನಡೆದ. ಗುಬ್ಬಿ ಮೆಲ್ಲಗೆ ಹೇಳಿದ: "ಆಚೆಯವನೊಬ್ಬನ ಮೈಮೇಲಿನ ಅಂಗಿ ತರಬೇಕು ಅವನು. ಅಷ್ಟೇ."

"ಮೈ ಬಿಟ್ಟು ಅಂಗಿ ಒಂದೇ ಬರತ್ತಾ?"

ಗುಬ್ಬಿ ಹೊರಟುಹೋದ.

ಅಕ್ಕ ಜಾಕೆಟ್ಟನ್ನು ಮಡಿಲಿಗೆ ಎಳೆದುಕೊಂಡಳು. ತಿರುಗಿಸಿದಳು. ಮುಂಭಾಗ ನೋಡಿದಳು. ಎದೆಯ ಮೇಲೆ, ಎಡಭುಜದ ಮೇಲೆ, ಕಾಲರಿನ ಕಿವಿ ತಾಗುವ ಕಡೆ ಬೆಳ್ಳಗೆ ಪುಡಿ. ಒತ್ತಿ ಒತ್ತಿ ನಿಂತದ್ದರಿಂದ ತೊಗಲಿನ ರಂಧ್ರಗಳಿಗೆ ಸೇರಿಕೊಂಡ ಪುಡಿ. ಓಣಿಯಲ್ಲಿ ಆ ಹಳೆಯ ಸುಣ್ಣ ಮೆತ್ತಿಕೊಳ್ಳದ ಅಂಗಿ ಇರಲಿಲ್ಲ. ಅದು ಎಲ್ಲಿಯದೆಂದು ಕೂಸಿಗೂ ತಿಳಿದಿತ್ತು. ಪ್ರತಿ ಹಾಡಿನ ಮರುದಿನ ಅವನ ಜಾಕೆಟ್ಟನ್ನು ಅಕ್ಕನೇ ಒರೆಸಿಡುತ್ತಿದ್ದಳು, ಇದು ಆ ಸಂಜೆಯದೇ.

ಓಡುವವನ ಎದೆಗೆ ಗೋಡೆ ಅಂಟುವುದಿಲ್ಲ.

ಅವನು ಓಡಿರಲಿಲ್ಲ. ಸಿಳ್ಳೆ ಕೇಳಿಸಿತ್ತು. ಆದರೆ ಹಾಡು ಮುಗಿದಿರಲಿಲ್ಲ. ಕಟ್ಟಳೆ ಮಾಡಿದವರೆಲ್ಲ ಓಡಿದರು. ಅವನೊಬ್ಬ ಗೋಡೆಗೆ ಎದೆಯೊತ್ತಿ, ಕಿವಿಯಿಟ್ಟು, ಎಡಗೈಯಿಂದ ಬಲಗೈಯ ಬೆರಳು ಬಿಡಿಸುತ್ತ ನಿಂತ. ಮುಗಿಯಲಿ, ಒಂದು ಏಟು ಹೊಡೆದು ಹೋಗೋಣ ಎಂದುಕೊಂಡಿರಬೇಕು. ಜಗತ್ತಿನಲ್ಲಿ ಈ ತಪ್ಪನ್ನು ಅವನಲ್ಲದೆ ಯಾರೂ ಮಾಡರು.

ಅಂದು ಮನೆಯಲ್ಲಿ ಸಣ್ಣವ ಉಣ್ಣದೆ ಕುಳಿತಿದ್ದ.

"ಹೊಲಿದ್ಯಾ?"

"ಕೈ ತೋರಿಸು," ಎಂದಳು ಅಕ್ಕ.

"ಹೊಲಿದ್ಯಾ ಅಂತ ಕೇಳ್ದೆ."

"ಕೈ ಬಿಚ್ಚೋ."

ಅವನು ಬಲಗೈ ಮುಂದೆ ಚಾಚಿದ. ಬೆರಳುಗಳು ಪೂರ್ತಿ ತೆರೆದುಕೊಳ್ಳಲಿಲ್ಲ. ಕಿರುಬೆರಳೂ ಉಂಗುರಬೆರಳೂ ಒಳಮುಖವಾಗಿ ನಿಂತಿದ್ದವು. ಅಮ್ಮ ಮುಖ ತಿರುಗಿಸಿದಳು.

"ನೋಡಿದ್ಯಲ್ಲ," ಎಂದ ಸಣ್ಣವ. "ಇನ್ನೆಷ್ಟು ದಿನ ಈ ಕೈ? ಗುಂಡಿಯಲ್ಲಿ ಕೊಳೆತು ಸಾಯೋದಕ್ಕಿಂತ ಅಲ್ಲಿ ನಿಂತು ಸಾಯೋದು ವಾಸಿ. ಆ ಜಾಕೆಟ್ ಹಾಕ್ಕೊಂಡ್ರೆ ಯಾರೂ ಮೂಗು ಮುಚ್ಕೊಳ್ಳಲ್ಲ ಅಕ್ಕ. ನಾನು ನೋಡಿದೀನಿ."

"ಮುಚ್ಚಲ್ಲ. ಹೆದರಿ ಉಸಿರು ಹಿಡ್ಕೋತಾರೆ. ಅದು ಬೇರೆ."

"ನನಗೆ ಎರಡೂ ಒಂದೇ."

"ನಿಮ್ಮಣ್ಣ ಓಡಿಲ್ಲ ಕಣೋ. ಗೋಡೆ ಹತ್ರಾನೇ ನಿಂತಿದ್ದ."

"ಗುಬ್ಬಿ ಕಣ್ಣಾರೆ ನೋಡಿದಾನೆ."

"ಗುಬ್ಬಿ ಮುಂದೆ ಓಡ್ತಿದ್ದ. ಹಿಂದೆ ಹೇಗೆ ನೋಡ್ತಾನೆ? ಕತ್ತಿನ ಹಿಂದೆ ಕಣ್ಣಿದ್ಯಾ ಅವನಿಗೆ?"

ಸಣ್ಣವ ಎದ್ದ. "ನೀನು ಅಕ್ಕ, ನಿನಗೆ ಹಾಗೇ ಕಾಣತ್ತೆ. ಗುಂಡಿ ಹತ್ರ ಎಲ್ಲರೂ ನನ್ನ ಬೆನ್ನು ತಟ್ಟಿ ನಗ್ತಾರೆ. ಬೆನ್ನು ಹುಷಾರು ಅಂತಾರೆ. ನಿನಗೆ ಯಾರೂ ಹಾಗೆ ಹೇಳಲ್ಲ." ಬಾಗಿಲು ದಾಟುತ್ತ ಹೇಳಿದ: "ಹೊಲೀದಿದ್ರೆ ತೂತು ಬಿದ್ದದ್ದನ್ನೇ ಹಾಕ್ಕೋತೀನಿ."

ಅವನು ಹಾಕಿಕೊಂಡೇ ತೀರುತ್ತಾನೆ. ಅದು ಅಕ್ಕನಿಗೆ ತಿಳಿದಿತ್ತು. ಹೊಲಿಯಲಾರೆ ಎಂದರೆ ಸಾಲದು. ಬಚ್ಚಿಟ್ಟರೆ ಹುಡುಕುತ್ತಾನೆ. ಸುಟ್ಟರೆ ಮ್ಯಾನೇಜರ್ ಇನ್ನೊಂದು ಕೊಡಿಸುತ್ತಾನೆ. ಹೊಲಿಯಲು ಅದೂ ಇದೇ ಶೆಡ್ಡಿಗೆ ಬರುತ್ತದೆ.

ಅಮ್ಮ ಗೋಡೆಗೊರಗಿ ಕುಳಿತಿದ್ದಳು. "ನನಗೂ ಕೇಳ್ಸತ್ತೆ," ಎಂದಳು ಇದ್ದಕ್ಕಿದ್ದಂತೆ. "ಅವನು ಹೊಡೆಯೋದು. ಅನ್ನ ಬಸಿಯೋವಾಗ. ನಾನು ಯಾರಿಗೂ ಹೇಳ್ಲಿಲ್ಲ, ತಲೆ ಕೆಟ್ಟಿದೆ ಅಂತಾರೆ."

"ಏನು ಕೇಳ್ತಿದಾನೆ ಅಮ್ಮ ಅವನು?"

"ಏನೂ ಕೇಳ್ತಿಲ್ಲ. ಕೈ ನೋಯ್ತಿದೆಯೇನೋ."

ಮರುದಿನ ಅಕ್ಕ ಹೆರೆಯಲಿಲ್ಲ. ತೊಲೆಯ ಮೇಲೆ ಜಾಕೆಟ್ಟನ್ನು ಹಾಸಿದಳು. ಉಳಿಯನ್ನು ಮಸೆದಳು. ತಾನೇ ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ತೋಳು ಕಳಚಿತು. ಕಾಲರು ಕಳಚಿತು. ಬೆನ್ನು ಒಂದೇ ಹಾಳೆಯಾಗಿ ಉಳಿಯಿತು. ಮೇಸ್ತ್ರಿ ದೂರದಿಂದ ಕೂಗಿದ, "ಏನದು? ಲೆಕ್ಕದ ಕೆಲಸ ಬಿಟ್ಟು?"

"ಸಭಾಂಗಣದ ಕೆಲಸ," ಎಂದಳು. ಅದು ಸುಳ್ಳಾಗಿರಲಿಲ್ಲ.

ಬಾಯಿಬಡಕಿ ಹತ್ತಿರ ಬಂದು ನಿಂತಳು. ಅಕ್ಕ ಅವಳ ಕೈ ಹಿಡಿದು ತೊಗಲಿನ ಮೇಲೆ ಮಲಗಿಸಿ, ಸುತ್ತ ಉಳಿಯಿಂದ ಗೀಚಿದಳು. ಅಂಗೈಯಷ್ಟು ತುಂಡು ಕತ್ತರಿಸಿ, ಹಿಂಬದಿಗೆ ಎರಡು ಪಟ್ಟಿ ಹೊಲಿದು ತೊಡಿಸಿದಳು.

"ಏನೇ ಇದು?"

"ಅಂಗೈ ಪಟ್ಟಿ."

"ಮೂವತ್ತು ವರ್ಷ ಹೆರೆದಿದೀನಿ, ಯಾರೂ ಒಂದು ಪಟ್ಟಿ ಕೊಡ್ಲಿಲ್ಲ. ಈಗ್ಯಾಕೆ? ಕೈಯಲ್ಲಿ ಏನು ಉಳಿದಿದೆ ಕಾಪಾಡೋಕೆ?"

"ಹೆರೆಯೋಕಲ್ಲ."

ಬಾಯಿಬಡಕಿ ಅಂಗೈ ತಿರುಗಿಸಿ ನೋಡಿದಳು. ಕರಿಯ ತೊಗಲಿನ ಮೇಲೆ ಬಿಳಿಯ ತುಟಿಯ ಒಂದು ಚೂರು. ಆಮೇಲೆ ಶೆಡ್ಡಿನ ತುಂಬ ಕೇಳುವಂತೆ ಕೂಗಿದಳು: "ಬನ್ರೇ! ಅಳತೆ ಕೊಡಿ! ಬಿಟ್ಟಿ ಸಿಕ್ತಿದೆ, ಆಮೇಲೆ ನನಗೆ ಬೈಬೇಡಿ!"

ತೋಳುಗಳಿಂದ ಬಂದವು. ಎದೆಯಿಂದ ಬಂದವು, ಸುಣ್ಣದ ಪುಡಿಯ ಸಮೇತ. ಕೊನೆಗೆ ಬೆನ್ನಿನ ನಡುವಿನ ತುಂಡು ಉಳಿಯಿತು. ತೂತಿದ್ದ ತುಂಡು. ಅದನ್ನು ಅವಳು ತನ್ನ ಬಲಗೈಗೆ ಹೊಲಿದುಕೊಂಡಳು. ತೂತು ಅಂಗೈಯ ಗುಳಿಗೆ ಸರಿಯಾಗಿ ಕುಳಿತಿತು.

ಹಾಡಿನ ದಿನ ಬಂತು. ಸಂಜೆಯ ಬೆಳಕು ಇನ್ನೂ ಮಾಳಿಗೆಯ ಅಂಚಿನಲ್ಲಿತ್ತು. ಸಭಾಂಗಣದ ಮುಂದೆ ಬಂಡಿಗಳು ಬಂದು ನಿಂತವು. ಗುಬ್ಬಿ ಮತ್ತು ಅವನ ಕಡೆಯವರು ತೆರೆದ ಬಾಯಿಗಳನ್ನು ಬೆನ್ನಿಗೆ ಹೊತ್ತು ಸಾಲಾಗಿ ನಿಂತರು. ಸಣ್ಣವ ಬರಿಯ ಅಂಗಿಯಲ್ಲಿ ಕಾಯುತ್ತಿದ್ದ. ಅಕ್ಕ ತರುತ್ತೇನೆ ಎಂದಿದ್ದಳು.

ಒಳಗೆ ಹಾಡು ಎದ್ದಿತು. ಬೆನ್ನುಗೋಡೆ ಗುಂಯ್‌ಗುಟ್ಟಿತು.

ಹೆರೆಯುವ ಶೆಡ್ಡಿನಿಂದ ಹೆಂಗಸರು ಹೊರಬಂದರು. ಮೈ ತೊಳೆದಿರಲಿಲ್ಲ. ಕೊಬ್ಬು ಮೆತ್ತಿದ ಸೆರಗು, ಮೊಣಕಾಲಿಗೆ ಅಂಟಿದ ಕೂದಲು, ನೆಟ್ಟಗಾಗದ ಬೆನ್ನುಗಳು. ಹಾಗೆಯೇ ಬಂದು ಗೋಡೆಯ ಉದ್ದಕ್ಕೂ ನಿಂತರು. ಅಮ್ಮನನ್ನು ಇಬ್ಬರು ಹಿಡಿದು ತಂದರು. ಅಕ್ಕ ಗೋಡೆಗೆ ಎದುರಾಗಿ ನಿಂತು ಕೈ ಎತ್ತಿದಳು.

ಹಾಡು ಮುಗಿಯುವುದನ್ನು ಅವಳು ಕಾಯಲಿಲ್ಲ. ಗಂಟಲು ಒಂದು ಸ್ವರವನ್ನು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದ. ಅದರ ಹೊಟ್ಟೆಗೆ ಹೊಡೆದಳು.

ಒಂದು ಏಟು. ತೂತಿನೊಳಗಿಂದ ಅವಳ ಬರಿಯ ಚರ್ಮ ಗೋಡೆಗೆ ತಗುಲಿತು. ಗೋಡೆ ತಣ್ಣಗಿತ್ತು.

ಮತ್ತೆ ಹೊಡೆದಳು. ಈಗ ಎಲ್ಲರೂ ಹೊಡೆದರು. ಬಾಗುಗತ್ತಿ ತಳ್ಳಿ ತಳ್ಳಿ ಮರಗಟ್ಟಿದ ಕೈಗಳು. ತಾಳ ಹಾಡಿನದಲ್ಲ, ತೊಲೆಯದು. ತಳ್ಳು, ತಳ್ಳು, ತಳ್ಳು, ಉಸಿರು. ಒಳಗಿನ ನಾದ ಒಮ್ಮೆ ಎಡವಿತು, ಸಾವರಿಸಿಕೊಂಡಿತು, ಮತ್ತೆ ಎಡವಿತು. ಹೊಸ ಸುಣ್ಣ ಹಪ್ಪಳೆಯಾಗಿ ಎದ್ದು ಉದುರತೊಡಗಿತು.

ಮ್ಯಾನೇಜರ್ ಓಡಿ ಬಂದ. ಕರವಸ್ತ್ರ ಮರೆತಿದ್ದ. "ಯಾರಿವರು? ತಡೀರೋ! ಏನು ನೋಡ್ತಾ ನಿಂತಿದ್ದೀರಿ? ಎಳೆದು ಹಾಕಿ!"

ಜಾಕೆಟ್ಟಿನವರು ಓಣಿಗೆ ನುಗ್ಗಿದರು. ನುಗ್ಗಿ ನಿಂತರು. ಎದುರಿಗಿದ್ದವರು ಅವರ ಅಮ್ಮಂದಿರು, ಅತ್ತಿಗೆಯರು, ಹೆಂಡಂದಿರು. ಬಾಯಿಬಡಕಿ ಹೊಡೆಯುವುದನ್ನು ನಿಲ್ಲಿಸದೆ ತನ್ನ ಮೊಮ್ಮಗನಿಗೆ ಹೇಳಿದಳು: "ಎಳೀತೀಯೇನೋ? ಎಳಿ. ನಿನ್ನ ಸೊಂಟಕ್ಕೆ ಉಡಿದಾರ ಕಟ್ಟಿದ ಕೈ ಇದೇ. ಗಟ್ಟಿಯಾಗಿ ಹಿಡ್ಕೋ, ಜಾರತ್ತೆ, ಕೊಬ್ಬಿದೆ."

ಗುಬ್ಬಿ ಅಕ್ಕನ ಹತ್ತಿರ ಬಂದ. "ಅಕ್ಕ. ಸಾಕು. ನನ್ನ ಕೈಲಿ ಮಾಡಿಸ್ಬೇಡ."

ಅವಳು ತಿರುಗಿದಳು. ಅಂಗೈಯನ್ನು ಅವನ ಮುಖದ ಮುಂದೆ ಹಿಡಿದಳು. ಬಿಳಿಯ ಬಾಯಿ, ನಡುವೆ ತೂತು, ತೂತಿನಲ್ಲಿ ಅವಳ ಚರ್ಮ.

"ಇದರ ಎದೆಯಲ್ಲಿ ಗೋಡೆಯ ಸುಣ್ಣ ಇತ್ತು ಗುಬ್ಬಿ. ಈ ಹೊಸದಲ್ಲ, ಹಳೇದು. ಹೇಳು. ಓಡಿದ್ದು ಯಾರು?"

ಸಣ್ಣವ ಗುಬ್ಬಿಯ ಪಕ್ಕದಲ್ಲಿಯೇ ನಿಂತಿದ್ದ. ಮ್ಯಾನೇಜರ್ ಕೂಗುತ್ತಲೇ ಇದ್ದ.

"ನಾನು ಸಿಳ್ಳೆ ಹಾಕ್ದೆ," ಎಂದ ಗುಬ್ಬಿ. "ಎರಡು ಸಲ ಹಾಕ್ದೆ. ಕೊಕ್ಕರೆ, ಬಾರೋ ಅಂದೆ. ಹಾಡು ಮುಗೀಲಿ, ಕೈ ಬಿಡಿಸ್ತಾ ಇದೀನಿ, ನೀನು ಹೋಗು ಅಂದ. ನಾನು ಹೋದೆ." ಮ್ಯಾನೇಜರನ ಕಡೆ ಕೈ ತೋರಿಸಿ ಹೇಳಿದ: "ತಿರುವು ಅಂತ ಹೇಳು ಅಂತ ಇವರು ಹೇಳಿದ್ರು. ನನಗೂ ಅದೇ ಬೇಕಿತ್ತು."

"ಇವನ ಮಾತು ಕೇಳಬೇಡಿ," ಎಂದ ಮ್ಯಾನೇಜರ್. "ಸಣ್ಣವ, ನೀನು ಬಾ. ನಿನಗೆ ಹೊಸ ಜಾಕೆಟ್ಟೇ ಕೊಡಿಸ್ತೀನಿ. ಮೊದಲು ನಿಮ್ಮಕ್ಕನನ್ನ ಆಚೆ ಕರ್ಕೊಂಡು ಹೋಗು."

ಸಣ್ಣವ ಮುಂದೆ ಬಂದ. ಅಕ್ಕ ಅವನನ್ನು ನೋಡಲಿಲ್ಲ. ಗೋಡೆಗೆ ತಿರುಗಿ ಮತ್ತೆ ಕೈ ಎತ್ತಿದಳು. ಎಳೆಯುವುದಾದರೆ ಬೆನ್ನಿನ ಕಡೆಯಿಂದ ಎಳೆಯಲಿ ಎಂಬಂತೆ ನಿಂತಳು. ಅವಳ ಮುಂದೆ, ಎದೆಯೆತ್ತರದಲ್ಲಿ, ಹೊಸ ಸುಣ್ಣ ಉದುರಿದ ಕಡೆ, ಒಂದು ಕಂದು ಕಲೆ ಕಾಣುತ್ತಿತ್ತು. ಗಾಯದ ಬೆನ್ನು ಗೋಡೆಗೊರಗಿ ಕುಸಿದ ಹಾಗೆ ಕಲೆ ಕೆಳಮುಖವಾಗಿ ಜಾರಿತ್ತು. ಅಮ್ಮ ಅದನ್ನು ಕಂಡಳು. ಅದರ ಮೇಲೆ ಕೆನ್ನೆ ಇಟ್ಟಳು.

ಹೆಂಗಸರು ಹೊಡೆದರು. ಒಂದು. ಎರಡು. ಮೂರು.

ಒಳಗೆ ಹಾಡು ನಿಂತಿತು. ಮುಗಿದದ್ದಲ್ಲ, ನಡುವೆ ಕತ್ತರಿಸಿಕೊಂಡು ನಿಂತಿತು. ಗಾಳಿಗಂಡಿಯಿಂದ ಬಿಸಿಗಾಳಿ ಮಾತ್ರ ಬಂತು. ಕುರ್ಚಿಗಳು ಸರಿದ ಸದ್ದು, ಯಾರದೋ ಪ್ರಶ್ನೆ, ಆಮೇಲೆ ಅದೂ ಇಲ್ಲ. ಹಾಡಿನ ಹೊತ್ತಿನಲ್ಲಿ ಆ ಗೋಡೆಯ ಎರಡೂ ಬದಿಯಲ್ಲಿ ಏಕಕಾಲಕ್ಕೆ ಮೌನ ಇದ್ದದ್ದು ಅದೇ ಮೊದಲು. ಹೆಂಗಸರು ಕೈಗಳನ್ನು ಗೋಡೆಯ ಮೇಲೆಯೇ ಬಿಟ್ಟು ಉಸಿರು ಹಿಡಿದರು. ಅಕ್ಕ ಕಾದಳು. ಅವಳ ಮೈಯೆಲ್ಲ ಕಿವಿಯಾಗಿತ್ತು. ಈ ಸಲ ಅದು ಬರಲಿಲ್ಲ. ತೊಲೆಯ ಮೇಲೆ ದಿನವೂ ಬರುತ್ತಿದ್ದದ್ದು ಇಂದು ಬರಲಿಲ್ಲ.

ಅವಳ ಪಕ್ಕದಲ್ಲಿ ಸಣ್ಣವ ನಿಂತಿದ್ದ. ತಲೆ ಬಗ್ಗಿಸಿದ್ದ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಕಿರುಬೆರಳು ಹಟ ಮಾಡಿತು. ಅದನ್ನೂ ಬಿಡಿಸಿದ.

ಬಿಡಿಸಿ, ಗೋಡೆಗೆ ಹೊಡೆದ.